ಗಾಳದ ಮಾತು: ಲೀಗ್ ಕಟ್ಟೋಣ ಅಂದರೆ ಕ್ಲಬ್ಬುಗಳು ಯಾಕೆ ಬರುತ್ತಿಲ್ಲ?

(ಈ ಸಲ ಒಂದೇ ಪತ್ರ ಮುಕ್ಕಾಲು ಜಾಗ ತಿಂದುಬಿಟ್ಟಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರಗಳು ಮೇಜಿನ ಮೇಲೇ ಇವೆ.)

ಪ್ರಶ್ನೆ: ಸಾರ್, ಮಂಡ್ಯದಲ್ಲಿ ನಾವು 14 ಜನ ಸೇರಿ ಒಂದು ಗಾಳದ ಕ್ಲಬ್ ಮಾಡಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಮಂಗಳೂರು, ಮಲ್ಪೆ ಕಡೆ ಹೋಗಿ ದಡದಿಂದ ಸಮುದ್ರಕ್ಕೆ ಗಾಳ ಹಾಕುತ್ತೇವೆ. ಮೈಸೂರಲ್ಲಿ ಇಂಥದ್ದೇ ಇನ್ನೊಂದು ಗುಂಪಿದೆ. ಕರಾವಳಿಯಲ್ಲಿ ಮೂರು ಗುಂಪುಗಳ ಪರಿಚಯವಿದೆ. ಐದೂ ಸೇರಿ ಕ್ರಿಕೆಟ್ ಥರ ಒಂದು ಲೀಗ್ ಆಡೋಣ ಅಂತ ಎರಡು ವರ್ಷದಿಂದ ಓಡಾಡುತ್ತಿದ್ದೇನೆ. ಎಲ್ಲರೂ ‘ಒಳ್ಳೇ ಐಡಿಯಾ’ ಅನ್ನುತ್ತಾರೆ. ಹೆಸರು ಮಾತ್ರ ಯಾರೂ ಕೊಡುವುದಿಲ್ಲ. ಮೊದಲ ಬಹುಮಾನ 50 ಸಾವಿರ ಇಡಲು ಒಬ್ಬರನ್ನು ಒಪ್ಪಿಸಿದ್ದೇನೆ. ಆದರೂ ಯಾರೂ ಅಲ್ಲಾಡುತ್ತಿಲ್ಲ. ಏನು ಮಾಡಲಿ? ಸಂಘದ ನೋಂದಣಿ ಮೊದಲು ಮಾಡಿಸಬೇಕಾ?
– ಕ್ಲಬ್ ಕಾರ್ಯದರ್ಶಿ, ಮಂಡ್ಯ

ಉತ್ತರ: ಆ 50 ಸಾವಿರವನ್ನು ಮೊದಲು ವಾಪಸ್ ಕೊಟ್ಟುಬಿಡಿ ಸ್ವಾಮಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನಾನು ನಿಮ್ಮ ಜಿಲ್ಲೆಯಲ್ಲೇ ಒಂದು ಸಕ್ಕರೆ ಕಾರ್ಖಾನೆಯ ಕಾಟಾ ಮನೆಯಲ್ಲಿ 26 ವರ್ಷ ಕೂತವನು. ಕಬ್ಬಿನ ಗಾಡಿ ಬಂದರೆ ತುಂಬಿದ ತೂಕ ಬರೆದುಕೊಳ್ಳುವುದು, ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ ಬರೆದುಕೊಳ್ಳುವುದು, ಚೀಟಿ ಹರಿದು ಕೊಡುವುದು. ಅಷ್ಟೇ ಕೆಲಸ. ನನ್ನ ಚೀಟಿಯನ್ನು ಸುಮ್ನೆ ನಂಬಿ ಜೇಬಿಗಿಟ್ಟುಕೊಂಡ ರೈತ ಒಬ್ಬನೂ ಸಿಗಲಿಲ್ಲ. ಒಬ್ಬ ಯಜಮಾನರು ಪ್ರತಿ ಸಲ ಗಾಡಿ ಇಳಿಸಿ ತಾವೇ ಕಾಟಾ ಹತ್ತಿ ನಿಲ್ಲುತ್ತಿದ್ದರು. ‘ಆಸ್ಪತ್ರೇಲಿ ನಾನು 58 ಕೆಜಿ. ನಿಮ್ ಕಾಟಾ 60 ಅಂತದೆ. ನನ್ ಕಬ್ಬಿನ ಮೇಲೆ ಮಾತ್ರ ಯಾಕ್ ಸ್ವಾಮಿ ಅದುಕ್ಕೆ ಮುನಿಸು?’ ಅನ್ನುತ್ತಿದ್ದರು. ಹತ್ತು ಹತ್ತು ಕೆಜಿ ಲೆಕ್ಕದಲ್ಲಿ ತೋರಿಸುವ ಕಾಟಾ ಅದು. ಹೇಳಿದರೆ ಯಾರು ಕೇಳಬೇಕು!

ಆಮೇಲೊಂದು ವರ್ಷ ಅಂಕಿ ತೋರಿಸುವ ಬೋರ್ಡನ್ನು ನನ್ನ ಕಿಟಕಿಯಿಂದಾಚೆಗೆ, ಗಾಡಿಯವರಿಗೆ ಕಾಣುವ ಹಾಗೆ ಹಾಕಿಸಿದರು. ಕಾಟಾ ಅದೇ. ಕೂತವನೂ ನಾನೇ. ಜಗಳ ಮಾತ್ರ ಅರ್ಧಕ್ಕರ್ಧ ಕಡಿಮೆ ಆಯಿತು.

ನಿಮ್ಮ ನಾಲ್ಕು ಕ್ಲಬ್ಬುಗಳೂ ಆ ಯಜಮಾನರ ಹಾಗೇ. ಅವರಿಗೆ ಆಸೆ ಇಲ್ಲ ಅಂತಲ್ಲ. ‘ಮೀನು ಅಳೆಯುವವರು ಯಾರು? ಮಂಡ್ಯದವರೇ ತಾನೆ?’ ಅನ್ನೋ ಪ್ರಶ್ನೆ ಬಾಯಿಗೆ ಬರುವುದಿಲ್ಲ, ಮನಸ್ಸಿನಲ್ಲಿರುತ್ತೆ. ನೀವು ಬಹುಮಾನ ದೊಡ್ಡದು ಮಾಡಿದಷ್ಟೂ ಆ ಅನುಮಾನವೂ ದೊಡ್ಡದಾಗುತ್ತೆ.

ಇದು ನಾನು ಕಣ್ಣಾರೆ ಕಂಡದ್ದು. ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಊರಲ್ಲಿ ಪಂದ್ಯ ಇಟ್ಟಿದ್ದರು. ಎಲ್ಲಕ್ಕಿಂತ ಭಾರದ ಮೀನಿಗೆ ದೊಡ್ಡ ದುಡ್ಡು. ಜನವೋ ಜನ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಯುವಕ ಮೊಣಕೈ ಉದ್ದದ ಅಂಜಲ್ ಮೀನು ಎತ್ತಿಕೊಂಡು ಓಡಿಬಂದ. ಚಪ್ಪಾಳೆ, ಫೋಟೋ ಎಲ್ಲ ಆಯಿತು. ತಕ್ಕಡಿಗೆ ಹಾಕುವಾಗ ನನ್ನ ಕೈಗೆ ಕೊಟ್ಟರು. ಕಿವಿರು ಎತ್ತಿ ನೋಡಿದೆ. ಕಂದುಬಣ್ಣ. ಹೊಟ್ಟೆ ಮುಟ್ಟಿದರೆ ಮಂಜಿನ ಹಾಗೆ ತಣ್ಣಗೆ. ಅದು ಬಂದರಿನ ಐಸ್ ಪೆಟ್ಟಿಗೆಯಿಂದ ಬಂದ ಮೀನು! ಆಮೇಲೆ ಆದ ಗಲಾಟೆಯನ್ನು ಇಲ್ಲಿ ಬರೆಯುವಂತಿಲ್ಲ. ಮರುವರ್ಷ ಅದೇ ಪಂದ್ಯಕ್ಕೆ ಬಂದವರು ಹನ್ನೊಂದು ಜನ.

ಅದಕ್ಕೇ ತಕ್ಕಡಿಯನ್ನೇ ಮನೆಯಲ್ಲಿ ಬಿಡಿ. ಜೀವನವಿಡೀ ತೂಕ ಮಾಡಿದವನು ಹೇಳುತ್ತಿದ್ದೇನೆ, ಸಮುದ್ರದ ದಡದಲ್ಲಿ ತೂಕ ಅನ್ನೋದು ನಂಬಿಕೆಯ ಮಾತಲ್ಲ. ಗಾಳಿಗೆ ಸ್ಪ್ರಿಂಗ್ ತಕ್ಕಡಿ ತೊನೆಯುತ್ತೆ, ಚೀಲದಲ್ಲಿ ನೀರಿರುತ್ತೆ, ಮೀನೂ ಅಷ್ಟು ಹೊತ್ತಿಗೆ ಸತ್ತಿರುತ್ತೆ. ಉದ್ದ ಅಳೆಯಿರಿ. ಒಂದು ಹಲಗೆ, ಒಂದು ತುದಿಯಲ್ಲಿ ಅಡ್ಡಪಟ್ಟಿ, ಮೇಲೆ ಸೆಂಟಿಮೀಟರ್ ಗೆರೆ. ಬಡಗಿಯ ಹತ್ತಿರ ಅರ್ಧ ದಿನದ ಕೆಲಸ. ಐದು ಕ್ಲಬ್ಬಿಗೂ ಒಬ್ಬರೇ ಬಡಗಿ, ಒಂದೇ ದಿನ ಮಾಡಿಸಿ. ಮೀನಿನ ಮೂತಿ ಅಡ್ಡಪಟ್ಟಿಗೆ ತಾಗಬೇಕು, ಬಾಲದ ಎರಡು ಕವಲು ಕೂಡಿಸಿ ಹಿಡಿಯಬೇಕು, ತುದಿ ಮುಟ್ಟಿದ ಗೆರೆಯೇ ಲೆಕ್ಕ. ಒಂದು ಸೆಂಟಿಮೀಟರಿಗೆ ಒಂದು ಪಾಯಿಂಟ್. 15 ಸೆಂಟಿಮೀಟರಿಗಿಂತ ಚಿಕ್ಕದಕ್ಕೆ ಪಾಯಿಂಟ್ ಇಲ್ಲ, ಇಲ್ಲದಿದ್ದರೆ ಜನ ಮರಿಗಳನ್ನೇ ಎಣಿಸುತ್ತಾ ಕೂರುತ್ತಾರೆ. ಹಲಗೆಗೆ ಮೊದಲು ಸಮುದ್ರದ ನೀರು ಎರಚಿ. ಒಣ ಹಲಗೆ ಬಿಸಿಲಿಗೆ ಕಾದಿರುತ್ತೆ, ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗುತ್ತೆ. ಅಳೆದು ಕೂಡಲೇ ನೀರಿಗೆ ಬಿಡಿ. ಬದುಕಿರುವ ಮೀನನ್ನೇ ಅಳೆಯಬೇಕು ಅಂದಮೇಲೆ ಐಸ್ ಪೆಟ್ಟಿಗೆಯವನಿಗೆ ಏನು ಕೆಲಸ?

ಇನ್ನು ಬರೆಯುವವರು ಯಾರು? ಪಕ್ಕದ ಗೂಟದಲ್ಲಿ (ಒಬ್ಬೊಬ್ಬರು ನಿಲ್ಲುವ ಜಾಗಕ್ಕೆ ಒಂದೊಂದು ಗೂಟ ನೆಟ್ಟಿರುತ್ತೆ) ನಿಂತ ಎದುರಾಳಿ. ನಿಮ್ಮ ಹುಡುಗನ ಅಳತೆ ಬರೆಯುವ ಕಾರ್ಡು ಮಲ್ಪೆಯವನ ಜೇಬಿನಲ್ಲಿ, ಮಲ್ಪೆಯವನ ಕಾರ್ಡು ಮೈಸೂರಿನವನ ಹತ್ತಿರ. ಮೀನು ಸಿಕ್ಕಾಗ ಇಬ್ಬರೂ ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಬೋರ್ಡನ್ನು ಗಾಡಿಯವನ ಕಡೆ ತಿರುಗಿಸೋದು ಅಂದರೆ ಇದೇ. ಇದೊಂದು ಮಾತನ್ನು ನಿಮ್ಮ ಮೊದಲ ಪತ್ರದಲ್ಲೇ ಬರೆದು ಕಳಿಸಿ ನೋಡಿ. ಬಹುಮಾನದ ಮಾತಿಗೆ ಅಲ್ಲಾಡದವರು ಇದಕ್ಕೆ ಫೋನ್ ಮಾಡುತ್ತಾರೆ.

ಎರಡನೇ ಅನುಮಾನ, ‘ಒಬ್ಬ ಅದೃಷ್ಟವಂತ ಒಂದು ದೊಡ್ಡ ಮೀನು ಎಳೆದರೆ ನಮ್ಮ ಕಷ್ಟವೆಲ್ಲ ನೀರುಪಾಲು’ ಅನ್ನೋದು. ಇದಕ್ಕೆ ಬೇರೆ ದೇಶದವರು ಆಗಲೇ ದಾರಿ ಕಂಡುಕೊಂಡಿದ್ದಾರೆ. ಗಾಳದ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ರೋಮ್‌ನಲ್ಲಿ 1952ರಲ್ಲಿ ಶುರುವಾಯಿತು. ಸಮುದ್ರದ ಗಾಳಕ್ಕೆ ಅದರಡಿ ಬೇರೆಯದೇ ವಿಭಾಗವಿದೆ. ಆ ಮಟ್ಟದ ಪಂದ್ಯಗಳಲ್ಲಿ ದಡವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಸ್ಥಾನಕ್ಕೆ ಅಂಕ ಕೊಡುತ್ತಾರೆ. ಕಮ್ಮಿ ಅಂಕದವರು ಗೆದ್ದಂತೆ.

ನಿಮ್ಮ ಲೆಕ್ಕಕ್ಕೇ ಇಳಿಸಿ ಹೇಳುತ್ತೇನೆ. ಐದು ಕ್ಲಬ್, ಒಂದೊಂದರಿಂದ ನಾಲ್ಕು ಜನ, ಒಟ್ಟು 20. ದಡವನ್ನು ನಾಲ್ಕು ಭಾಗ ಮಾಡಿ. ಪ್ರತಿ ಭಾಗದಲ್ಲಿ ಐದು ಗೂಟ, ಒಂದೊಂದು ಕ್ಲಬ್ಬಿನಿಂದ ಒಬ್ಬೊಬ್ಬ. ಯಾರಿಗೆ ಯಾವ ಗೂಟ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನ ಮಾಡಿ. ಸೆಂಟಿಮೀಟರ್ ಪಾಯಿಂಟ್ ಕೂಡಿಸಿ ಆ ಭಾಗದಲ್ಲಿ ಮೊದಲ ಸ್ಥಾನ ಬಂದವನಿಗೆ 1, ಎರಡನೆಯವನಿಗೆ 2, ಹೀಗೆ. ಮೀನೇ ಸಿಗದವರು ಉಳಿದ ಸ್ಥಾನಗಳನ್ನು ಹಂಚಿಕೊಳ್ಳುತ್ತಾರೆ. ಇಬ್ಬರಿಗೆ ಸಿಗಲಿಲ್ಲ ಅಂದರೆ 4 ಮತ್ತು 5 ಕೂಡಿಸಿ ಅರ್ಧ ಮಾಡಿ, ಇಬ್ಬರಿಗೂ ನಾಲ್ಕೂವರೆ.

ಈಗ ನೋಡಿ. ನಿಮ್ಮವನೊಬ್ಬ ಹತ್ತು ಕೆಜಿಯ ತೊರಕೆ ಎಳೆದ. ಉಳಿದ ಮೂವರೂ ಬರಿಗೈ. ತೂಕದ ಪಂದ್ಯವಾಗಿದ್ದರೆ ಕಪ್ ನಿಮ್ಮದೇ. ಇಲ್ಲಿ ಆತನಿಗೆ 1, ಮಿಕ್ಕ ಮೂವರಿಗೆ ತಲಾ ನಾಲ್ಕೂವರೆ, ಒಟ್ಟು 14.5. ಮಲ್ಪೆಯವರು ನಾಲ್ಕೂ ಜನ ಗೇಣುದ್ದದ ಕಾಣೆ ಮೀನು ಹಿಡಿದು ನಾಲ್ಕೂ ಕಡೆ ಎರಡನೇ ಸ್ಥಾನ ತಗೊಂಡಿದ್ದಾರೆ. ಅವರದು 8. ಗೆದ್ದವರು ಅವರು. ನಿಮಗೆ ಬೇಜಾರಾಗಬಹುದು. ಆದರೆ ಕ್ಲಬ್ಬಿನಲ್ಲಿ ನಾಲ್ಕನೆಯವನಾಗಿ, ಯಾರ ಲೆಕ್ಕಕ್ಕೂ ಇಲ್ಲದ ಹಾಗೆ ಬರುತ್ತಾನಲ್ಲ, ಆ ಹುಡುಗನ ಬಗ್ಗೆ ಯೋಚನೆ ಮಾಡಿ. ಅವನು ಹಿಡಿದ ಒಂದು ಚಿಕ್ಕ ಮೀನೂ ನಾಲ್ಕೂವರೆಯನ್ನು ನಾಲ್ಕು ಮಾಡುತ್ತೆ. ಮುಂದಿನ ಪಂದ್ಯಕ್ಕೆ ಬೆಳಗಿನ ನಾಲ್ಕಕ್ಕೆ ಮೊದಲು ಎದ್ದು ಟಿಟಿ (ಟೆಂಪೋ ಟ್ರಾವೆಲರ್) ಹತ್ತಿ ಕೂತಿರುವವನು ಅವನೇ.

ಎಷ್ಟು ಪಂದ್ಯ? ಐದು ಸಾಕು, ಕ್ಲಬ್ಬಿಗೊಂದು. ಅದರಲ್ಲಿ ಚೆನ್ನಾಗಿ ಆಡಿದ ಮೂರನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಮೇಲೆ ಮಂಗಳೂರು ಹತ್ತಿರ ಹತ್ತಿರ 250 ಕಿಲೋಮೀಟರ್. ನಿಮಗೆ ಇನ್ನೂ ದೂರ. ಐದಕ್ಕೂ ಬರಲೇಬೇಕು ಅಂದರೆ ಕಬ್ಬು ಕಡಿಯುವ ಕಾಲದಲ್ಲಿ ನಿಮ್ಮಲ್ಲೇ ಅರ್ಧ ಜನ ಇರುವುದಿಲ್ಲ. ಎರಡು ತಪ್ಪಿದರೂ ಪರವಾಗಿಲ್ಲ ಅಂದರೆ ಘಟ್ಟದ ಮೇಲಿನ ಕ್ಲಬ್ಬುಗಳಿಗೆ ಉಸಿರಾಡಲು ಜಾಗ ಸಿಗುತ್ತೆ.

‘ನಮ್ಮೂರಲ್ಲಿ ಸಮುದ್ರ ಇಲ್ಲ, ನಮ್ಮ ಪಂದ್ಯ ಎಲ್ಲಿ?’ ಅಂತೀರಿ. ದಡ ಅವರದೇ ಇರಲಿ, ಯಜಮಾನಿಕೆ ನಿಮ್ಮದಾಗಲಿ. ಗೂಟ ನೆಡುವುದು, ಚೀಟಿ, ಸೀಟಿ, ಮಧ್ಯಾಹ್ನದ ಊಟ ಎಲ್ಲ ಮಂಡ್ಯದ್ದು. ದಡದ ಮೇಲೆ ಒಲೆ ಹೂಡಿ ಮುದ್ದೆ, ಬಸ್ಸಾರು ಮಾಡಿ ಹಾಕಿ. ಕರಾವಳಿಯವರು ‘ಘಟ್ಟದವರು’ ಅಂತ ನಗುತ್ತಾರೆ. ನಗಲಿ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಮಾತ್ರ ಮೊದಲೇ ಹೇಳಿ.

ತಾರೀಕು ಗೊತ್ತು ಮಾಡುವಾಗ ‘ತಿಂಗಳ ಎರಡನೇ ಭಾನುವಾರ’ ಅಂತ ಕಣ್ಣು ಮುಚ್ಚಿ ಬರೆಯಬೇಡಿ. ನಮಗೆ ನಾಲೆ ನೀರಿನ ಅಭ್ಯಾಸ. ಗೇಟು ಎತ್ತಿದರೆ ಬರುತ್ತೆ, ಇಳಿಸಿದರೆ ನಿಲ್ಲುತ್ತೆ. ಸಮುದ್ರಕ್ಕೆ ಬೇರೆ ಲೆಕ್ಕ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಮ್ಮಿ. ನಾನು ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ತೆಗೆದು ತಿಥಿ ನೋಡುತ್ತೇನೆ, ಆಮೇಲೆ ಉಬ್ಬರದ ಪಟ್ಟಿ ನೋಡುತ್ತೇನೆ. ನನ್ನ ಹೆಂಡತಿ ‘ಮೀನಿಗೂ ಮುಹೂರ್ತ ಇಡ್ತಾರೆ’ ಅಂತ ಬಂದವರಿಗೆಲ್ಲ ಹೇಳುತ್ತಾಳೆ. ನಾಲ್ಕು ಗಂಟೆಯ ಪಂದ್ಯವಾದರೆ ಉಬ್ಬರ ಮಧ್ಯದಲ್ಲಿ ಬರುವ ಹಾಗೆ ಇಡಿ. ಆಗ ಏರುವ ನೀರೂ ಸಿಗುತ್ತೆ, ಇಳಿಯುವ ನೀರೂ ಸಿಗುತ್ತೆ.

ತಿಂಗಳು ಅಂದರೆ ದಸರಾ ಮುಗಿದ ಮೇಲಿಂದ ಮಾರ್ಚ್ ತನಕ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತೆ. ನಿಮ್ಮ ಕೈಯಲ್ಲಿರೋದು ಬರೀ ಗಾಳದ ಕಡ್ಡಿ, ಕಾನೂನು ನಿಮಗಲ್ಲ ಅನ್ನಬಹುದು. ಆದರೆ ಆಗಿನ ಅಲೆಗಳಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಚಿಕ್ಕ ವಿಷಯ, ಆದರೆ ಜಗಳ ಇಲ್ಲಿಂದಲೇ ಶುರುವಾಗುತ್ತೆ. ಮೀನಿನ ಹೆಸರು. ಮಂಗಳೂರಿನವರ ಭೂತಾಯಿ ಕುಂದಾಪುರದಲ್ಲಿ ಬೈಗೆ, ಕೊಂಕಣಿಯವರಿಗೆ ತಾರ್ಲೆ. ಅಂಜಲ್ ಅನ್ನೋದೇ ಇಸ್ವಾಣ. ನಮ್ಮ ಕಡೆಯವರಿಗಂತೂ ಎಲ್ಲವೂ ‘ಸಮುದ್ರದ ಮೀನು’. ಕಾರ್ಡಿನಲ್ಲಿ ಹೆಸರಿನ ಜೊತೆ ಚಿತ್ರವನ್ನೂ ಅಚ್ಚು ಹಾಕಿಸಿ, ಟಿಕ್ ಮಾಡಿದರೆ ಸಾಕು.

ದಡ ನಿಮ್ಮಪ್ಪಂದಲ್ಲ ಅನ್ನೋದನ್ನೂ ನೆನಪಿಡಿ. ಮೊಗವೀರರು ಕೈರಂಪಣಿ ಬಲೆ ಎಳೆಯುವ ಜಾಗದಲ್ಲಿ 20 ಗೂಟ ನೆಟ್ಟು ನಿಂತರೆ ಅವರ ಹೊಟ್ಟೆಪಾಡಿಗೆ ಅಡ್ಡ ನಿಂತ ಹಾಗೆ. ನಿಮ್ಮ ಗಾಳದ ಮುಳ್ಳು ಅವರ ಬಲೆಗೆ ಸಿಕ್ಕಿಕೊಂಡರೆ ಬಲೆ ಹರಿಯುತ್ತೆ. ಹಿಂದಿನ ದಿನವೇ ಹೋಗಿ ಅಲ್ಲಿನ ಹಿರಿಯರನ್ನು ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ‘ಆಚೆ ಸರಿದು ನಿಲ್ಲಿ, ಅಲ್ಲೇ ಮೀನು ಜಾಸ್ತಿ’ ಅಂತ ಜಾಗವನ್ನೂ ತೋರಿಸುತ್ತಾರೆ. ನಾನು ಮೊದಲ ಕೆಂಬೇರಿ ಹಿಡಿದದ್ದು ಹಾಗೆ ಒಬ್ಬರು ಬೆರಳು ತೋರಿಸಿದ ಕಲ್ಲಿನ ಪಕ್ಕದಲ್ಲಿ.

ಈಗ ಕ್ಲಬ್ಬುಗಳನ್ನು ಕರೆಯುವ ವಿಷಯ. ವಾಟ್ಸಾಪಿನಲ್ಲಿ ನಿಯಮಾವಳಿ ಕಳಿಸಿ ‘ಒಪ್ಪಿಗೆಯಾ?’ ಅಂತ ಕೇಳಿರುತ್ತೀರಿ, ಅಲ್ವಾ? ಅದು ಮದುವೆ ಮುಗಿಸಿ ಹೆಣ್ಣು ನೋಡಲು ಕರೆದ ಹಾಗಾಯಿತು. ಒಬ್ಬೊಬ್ಬರ ಊರಿಗೂ ಹೋಗಿ. ಅವರ ದಡದಲ್ಲಿ ಅವರ ಜೊತೆ ಒಂದು ದಿನ ಗಾಳ ಹಾಕಿ. ಖಾಲಿ ಕಾಗದ ತಗೊಂಡು ಹೋಗಿ, ಬರೆದದ್ದನ್ನಲ್ಲ. ಎಷ್ಟು ಮುಳ್ಳು ಕಟ್ಟಬಹುದು, ಎರೆ ಸಿಗಡಿಯಾ ಬೊಂಡಾಸವಾ, ಮೀನು ಎಳೆಯುವಾಗ ಇನ್ನೊಬ್ಬರು ಕಡ್ಡಿ ಮುಟ್ಟಬಹುದಾ, ಇವನ್ನೆಲ್ಲ ಅವರೇ ಹೇಳಲಿ. (ಕೊನೆಯದಕ್ಕೆ ನನ್ನ ಓಟು ‘ಮುಟ್ಟಬಾರದು’. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗಾಳದ ದಾಖಲೆ ಸಂಸ್ಥೆಯೂ ಬೇರೆಯವರು ಕಡ್ಡಿ ಮುಟ್ಟಿದ ಮೀನನ್ನು ದಾಖಲೆಗೆ ಸೇರಿಸುವುದಿಲ್ಲ.) ಒಂದೊಂದು ಕ್ಲಬ್ಬಿನದೂ ಒಂದಾದರೂ ನಿಯಮ ಪಟ್ಟಿಯಲ್ಲಿ ಇರಬೇಕು. ತಾನು ಬರೆದ ನಿಯಮವನ್ನು ಬಿಟ್ಟು ಯಾರೂ ಓಡಿಹೋಗುವುದಿಲ್ಲ.

ಐದೂ ಕ್ಲಬ್ ಬರಲಿ ಅಂತ ಕಾಯಲೂ ಬೇಡಿ. ಮೂರು ಸೇರಿದರೆ ಪಾಯಿಂಟ್ ಇಲ್ಲದ ಒಂದು ಪಂದ್ಯ ಆಡಿ. ಉಳಿದ ಎರಡು ಕ್ಲಬ್ಬಿನಿಂದ ಒಬ್ಬೊಬ್ಬರನ್ನು ಅಳತೆ ನೋಡಲು ಕರೆಯಿರಿ. ಆಟಕ್ಕಲ್ಲ, ತಪ್ಪು ಹುಡುಕಲು. ನಮ್ಮ ಜನ ತಪ್ಪು ಹುಡುಕಲು ಕರೆದರೆ ಬಂದೇ ಬರುತ್ತಾರೆ.

ನೋಂದಣಿ ಆಮೇಲೆ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಸಬಹುದು. ಒಂದು ವರ್ಷ ಆಡಿ, ಜಗಳಗಳೆಲ್ಲ ಆಗಿ ಹೋಗಲಿ. ಬೈಲಾ ಬರೆಯಲು ವಿಷಯ ಬೇಕಲ್ಲ. ಬಹುಮಾನಕ್ಕೆ ಒಂದು ಹಿತ್ತಾಳೆ ಸೇರು ಇಡಿ. ಗೆದ್ದ ಕ್ಲಬ್ಬಿನಲ್ಲಿ ವರ್ಷವಿಡೀ ಇರಲಿ, ಮುಂದಿನ ವರ್ಷ ವಾಪಸ್ ಬರಲಿ. 50 ಸಾವಿರ ಕೊಡುವವರು ಇನ್ನೂ ಒಪ್ಪುತ್ತಾರೆ ಅಂದರೆ ಟಿಟಿ ಬಾಡಿಗೆಗೆ ಕೊಡಲಿ.

ಪ್ರಶ್ನೆ: ನಮ್ಮ ಕ್ಲಬ್ಬಿನವರೆಲ್ಲ ನದಿ, ಕೆರೆ ಗಾಳದವರು. ಅಷ್ಟು ದೂರ ಸಮುದ್ರಕ್ಕೆ ಯಾಕೆ ಹೋಗಬೇಕು? ಕಾವೇರಿಯಲ್ಲೇ ಲೀಗ್ ಮಾಡಿ, ಬಿಳಿಮೀನಿಗೆ (ಮಹಶೀರ್) ವಿಶೇಷ ಬಹುಮಾನ ಇಟ್ಟರೆ ಆಗದೇ?
– ಓದುಗರು, ಮೈಸೂರು

ಉತ್ತರ: ಆಗದು. ಬಿಳಿಮೀನಿನ ಆಸೆ ನಿಮ್ಮೂರಿಗೆ ಹೊಸದಲ್ಲ, ಗೊತ್ತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡ್ ತೂಗಿತ್ತು. ಅಂದರೆ 54 ಕೆಜಿ, ನನ್ನ ಕಾಟಾದ ಯಜಮಾನರಿಗಿಂತ ನಾಲ್ಕು ಕೆಜಿ ಕಮ್ಮಿ. ಆ ಕಾಲ ಹೋಯಿತು. ಕಾವೇರಿಯ ಡುಬ್ಬದ ಬಿಳಿಮೀನನ್ನು 2018ರಲ್ಲಿ ‘ಅಳಿವಿನಂಚಿಗೆ ತೀರಾ ಹತ್ತಿರ’ ಇರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಅದರ ತಲೆಯ ಮೇಲೆ ಬಹುಮಾನ ಕಟ್ಟುವ ಮಾತು ಆಡಲೇಬೇಡಿ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಕೆಳಗೆ ಭೀಮೇಶ್ವರಿ ಕಡೆ 1987ರಿಂದ ಕಾವೇರಿ ವನ್ಯಧಾಮ. ಅಲ್ಲೆಲ್ಲ ಗಾಳ ಹಾಕುವಂತಿಲ್ಲ.

ಕೆರೆಯಲ್ಲಿ ಅಭ್ಯಾಸ ಪಂದ್ಯ ಮಾಡಿ, ಬೇಡ ಅನ್ನೋದಿಲ್ಲ. ಆದರೆ ಕೆರೆಯ ಮೀನು ಪಾಶುವಾರು ಹಕ್ಕು (ಮೀನು ಹಿಡಿಯುವ ಹಕ್ಕು) ಯಾರಿಗೆ ಹೋಗಿದೆ ಅಂತ ತಿಳಿದು, ಅವರನ್ನು ಕೇಳಿಯೇ ಕಡ್ಡಿ ಬಿಚ್ಚಿ. ಜಿಲೇಬಿ ಮೀನು ಬೇಕಾದಷ್ಟು ಸಿಗುತ್ತೆ. ಹಲಗೆಯ ಮೇಲೆ ಒದ್ದಾಡುವ ಮೀನನ್ನು ಅಳೆಯೋದು, ಎದುರಾಳಿಯ ಕಾರ್ಡು ಬರೆಯೋದು ಕೈಗೆ ಹತ್ತಲು ಅದೇ ಸಾಕು. ಜಿಲೇಬಿ ಮಾತ್ರ ವಾಪಸ್ ಬಿಡಬೇಡಿ. ಹೊರಗಿನಿಂದ ಬಂದು ನಮ್ಮ ಗೆಂಡೆಗಳ ಜಾಗ ತಿಂದ ಮೀನು ಅದು. ಸಾರಿಗೆ ಹಾಕಿ.

ಪ್ರಶ್ನೆ: ನಮ್ಮ ಯಜಮಾನರು ಗಾಳ ಅಂತ ಸಮುದ್ರಕ್ಕೆ ಹೋಗಿ ಕಲ್ಲಿನ ಮೇಲೆ ನಿಂತಿರುವ ಫೋಟೋ ಕಳಿಸುತ್ತಾರೆ. ಈಗ ಪಂದ್ಯ ಬೇರೆ ಅಂತೆ. ಅಪಾಯ ಅಲ್ವಾ?
– ಗೃಹಿಣಿ, ಮದ್ದೂರು

ಉತ್ತರ: ಹೌದಮ್ಮ, ಅಪಾಯವೇ. ಅಲೆ ತಡೆಗೆ ಹಾಕಿದ ಆ ಕಾಂಕ್ರೀಟ್ ಕಲ್ಲುಗಳಿಗೆ ಪಾಚಿ ಕಟ್ಟಿರುತ್ತೆ. ಪಂದ್ಯದ ಹುರುಪಿನಲ್ಲಿ ಜನ ಇನ್ನೊಂದು ಕಲ್ಲು ಮುಂದಕ್ಕೆ ಹೋಗುತ್ತಾರೆ. ಲೈಫ್ ಜಾಕೆಟ್ ಇಲ್ಲದವನಿಗೆ ಗೂಟ ಇಲ್ಲ ಅಂತ ನಿಯಮ ಮಾಡಲು ನಾನು ಮೇಲಿನ ಕಾರ್ಯದರ್ಶಿಗೆ ಬೇರೆಯಾಗಿ ಬರೆಯುತ್ತೇನೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತೆ, ಹೊರಡುವ ಮುಂಚೆ ನೋಡಲು ಹೇಳಿ. ಗುಡುಗು ಕೇಳಿದರೆ ಕಡ್ಡಿ ಕೆಳಗಿಡಬೇಕು. ಈಗಿನ ಕಾರ್ಬನ್ ಕಡ್ಡಿಗಳಲ್ಲಿ ಕರೆಂಟ್ ಹರಿಯುತ್ತೆ. ತೇಡೆ ಮೀನಿನ ಮುಳ್ಳೋ ತೊರಕೆಯ ಬಾಲದ ಮುಳ್ಳೋ ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ ಗಾಯ ಅದ್ದಿಟ್ಟು, ಹಾಗೇ ಡಾಕ್ಟರ ಹತ್ತಿರ ಹೋಗಬೇಕು. ನನಗೆ ಒಮ್ಮೆ ತೇಡೆ ಚುಚ್ಚಿ ಹೆಬ್ಬೆರಳು ಬದನೆಕಾಯಿ ಆಗಿತ್ತು. ಥರ್ಮಾಸ್ ಫ್ಲಾಸ್ಕು ಜೊತೆಗೆ ಕಳಿಸಿಕೊಡಿ, ಕಾಫಿಗೂ ಆಗುತ್ತೆ.

ಅಳೆದು ವಾಪಸ್ ಬಿಡುವ ಪಂದ್ಯವಾದ್ದರಿಂದ ಮನೆಗೆ ಮೀನು ಬರುವುದಿಲ್ಲ. ‘ನಾನೇ ಹಿಡಿದದ್ದು’ ಅಂತ ತಂದರೆ ಕಿವಿರು ಎತ್ತಿ ನೋಡಿ.